ತರಗತಿಯ ಗ್ರಂಥಗೋಷ್ಠಿ ಮತ್ತು ಅದರ ಮೌಲ್ಯಮಾಪನ: ಒಂದು ಚಾರಿತ್ರಿಕ ಸಮೀಕ್ಷೆ

ಒಂದು ಗ್ರಂಥವನ್ನು ವಿದ್ಯಾರ್ಥಿಗಳೆಲ್ಲರೂ ಮುಂಚಿತವಾಗಿ ಓದಿಕೊಂಡು ಬಂದು, ಒಟ್ಟಿಗೆ ಕುಳಿತು, ಅದರ ವಿಷಯವಾಗಿ ತಮ್ಮತಮ್ಮೊಳಗೇ ವಿಚಾರಮಾಡುವ ಕ್ರಮಕ್ಕೆ ಪ್ರಕೃತ ಲೇಖನದಲ್ಲಿ ‘ಗ್ರಂಥಗೋಷ್ಠಿ’ ಎಂಬ ಹೆಸರನ್ನು ಬಳಸಿದ್ದೇವೆ. ಇಂಥ ಗೋಷ್ಠಿಯನ್ನು ನಡೆಸುವುದು ಹೇಗೆಂಬ ಪ್ರಶ್ನೆಗೆ ಉತ್ತರ ಕೊಡುವ ಪುಸ್ತಕಗಳು ಸಾಕಷ್ಟು ಬಂದಿವೆ. ಆದರೆ ಅದನ್ನು ಅಳೆಯುವುದು ಹೇಗೆಂಬ ಎರಡನೆಯ ಪ್ರಶ್ನೆ ಮೊದಲನೆಯದಕ್ಕಿಂತ ಕಠಿನವಾದುದು. ಏಕೆಂದರೆ ಉತ್ತರಪತ್ರಿಕೆ ಪರೀಕ್ಷಕನ ಕೈಗೆ ಬರುವ ಹೊತ್ತಿಗೆ ಬರೆಯುವ ಕೆಲಸ ಮುಗಿದಿರುತ್ತದೆ; ಮಾತು ಹಾಗಲ್ಲ. ಅಳೆಯುವವನು ಎದುರಿಗೆ ಕುಳಿತಿದ್ದಾನೆಂದು ತಿಳಿದೊಡನೆಯೇ ಅದು ಬದಲಾಗುತ್ತದೆ. ಈ ತೊಡಕನ್ನು ಬೇರೆಬೇರೆ ಕಾಲದ ಅಧ್ಯಾಪಕರು ಹೇಗೆ ಎದುರಿಸಿದರೆಂಬುದನ್ನು ಪರಿಶೀಲಿಸುವುದೇ ನಮ್ಮ ಉದ್ದೇಶ.

ಓದಿದುದನ್ನು ಕೂಡಿ ವಿಚಾರಮಾಡುವುದು ಕನ್ನಡಿಗರಿಗೆ ಹೊಸದೇನಲ್ಲ. ಗಮಕಿಯ ವಾಚನವೂ ವ್ಯಾಖ್ಯಾನಕಾರರ ವಿವರಣೆಯೂ ಜತೆಯಾಗಿ ನಡೆಯುವ ಸಭೆಗಳನ್ನು ನಾವು ಬಲ್ಲೆವು. ಕರಾವಳಿಯ ತಾಳಮದ್ದಲೆಯಲ್ಲಿ ಅರ್ಥಧಾರಿಗಳು ಪ್ರಸಂಗದ ಪದ್ಯವೊಂದನ್ನು ಹಿಡಿದು ಆಶುವಾಗಿ ವಾದಪ್ರತಿವಾದಗಳನ್ನು ಕಟ್ಟುವುದೂ ಪ್ರಸಿದ್ಧವೇ. ಆಧುನಿಕ ಕಾಲೇಜುಗಳ ಚರಿತ್ರೆಗೆ ಬಂದರೆ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ಣಾಟಕ ಸಂಘವು 1919ರಲ್ಲಿ ಎ. ಆರ್. ಕೃಷ್ಣಶಾಸ್ತ್ರಿಗಳ ನೇತೃತ್ವದಲ್ಲಿ ‘ಪ್ರಬುದ್ಧ ಕರ್ಣಾಟಕ’ವನ್ನು ಹೊರಡಿಸಿದುದನ್ನು ನೆನೆಯಬೇಕು. ಆ ಸಾಹಿತ್ಯವ್ಯಾಸಂಗವೆಲ್ಲ ತರಗತಿಯ ಹೊರಗೆ, ಅಂಕಗಳ ಗೊಡವೆಯಿಲ್ಲದೆ ನಡೆದುದು. ತರಗತಿಯ ಒಳಗೆ ಗೋಷ್ಠಿಯನ್ನು ತಂದು, ಅದಕ್ಕೆ ಅಂಕವನ್ನೂ ಕೊಡಬೇಕೆಂದಾಗ ಏನಾಯಿತೆಂಬುದಕ್ಕೆ ತುಂಬಿದ ದಾಖಲೆಗಳು ದೊರೆಯುವುದು ಅಮೆರಿಕದ ಚರಿತ್ರೆಯಲ್ಲಿ. ಆದುದರಿಂದ ಅಲ್ಲಿಗೇ ಹೋಗಬೇಕಾಗಿದೆ.

ಆ ಚರಿತ್ರೆಯನ್ನು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯದಿಂದ ಆರಂಭಿಸುವುದು ರೂಢಿ. ಅಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದ ಜಾನ್ ಅರ್ಸ್ಕಿನ್ ಅವರು, ವಿದ್ಯಾರ್ಥಿಗಳು ವಾರಕ್ಕೊಂದರಂತೆ ಎರಡು ವರ್ಷ ಮಹಾಗ್ರಂಥಗಳನ್ನು ಓದಿ, ವಾರದಲ್ಲಿ ಒಂದು ಸಂಜೆ ಎರಡು ಗಂಟೆಗಳ ಕಾಲ ಅವನ್ನು ಕುರಿತು ಚರ್ಚಿಸಬೇಕೆಂಬ ಯೋಜನೆಯನ್ನು ಮೊದಲ ಮಹಾಯುದ್ಧದ ಕಾಲಕ್ಕೇ ಮುಂದಿಟ್ಟಿದ್ದರು. ಯುದ್ಧದಿಂದ ತಡವಾಗಿ, ‘ಜನರಲ್ ಆನರ್ಸ್’ ಎಂಬ ಹೆಸರಿನಲ್ಲಿ ಅದು ಆರಂಭವಾದುದು 1920ರಲ್ಲಿ. ಸಹೋದ್ಯೋಗಿಗಳ ವಿರೋಧ ಸಣ್ಣದಾಗಿರಲಿಲ್ಲ. ಹೋಮರನನ್ನು ಒಂದು ವಾರದಲ್ಲಿ, ಅದೂ ಭಾಷಾಂತರದಲ್ಲಿ ಓದಿ ಮುಗಿಸುವುದು ಪಾಂಡಿತ್ಯಕ್ಕೆ ಅಪಚಾರವೆಂದು ಅವರ ವಾದ. ಯಾವ ಗ್ರಂಥವನ್ನಾದರೂ ಎಂದಾದರೊಂದು ದಿನ ಮೊದಲ ಸಲ ಓದಲೇಬೇಕಲ್ಲವೆ ಎಂಬುದು ಅರ್ಸ್ಕಿನ್ ಅವರ ಸಮಾಧಾನದ ಸಾರ. ನಮ್ಮ ಕಾಲೇಜುಗಳಲ್ಲಿ ಪಂಪಭಾರತದ ನಾಲ್ಕು ಪದ್ಯಗಳನ್ನು ಒಂದು ಅವಧಿಯೆಲ್ಲ ಬಿಡಿಸಿ, ಕಾವ್ಯದ ಕಥೆಯೇ ವಿದ್ಯಾರ್ಥಿಗೆ ತಿಳಿಯದಂತೆ ವರ್ಷವನ್ನು ಮುಗಿಸುವ ಪದ್ಧತಿಯನ್ನು ಕಂಡವರಿಗೆ ಈ ವಾದವಿವಾದ ಪರಕೀಯವೆನಿಸಲಾರದು.

ಈ ಯೋಜನೆಯಲ್ಲಿ ನಮ್ಮ ಗಮನವನ್ನು ವಿಶೇಷವಾಗಿ ಸೆಳೆಯುವ ಅಂಶ ಬೇರೊಂದಿದೆ. ಪ್ರತಿಯೊಂದು ಗೋಷ್ಠಿಗೂ ಇಬ್ಬರು ಅಧ್ಯಾಪಕರಿದ್ದರು. ಪರಸ್ಪರ ಒಪ್ಪದ ಸ್ವಭಾವವುಳ್ಳವರನ್ನೇ ಹುಡುಕಿ ಜೋಡಿಮಾಡುತ್ತಿದ್ದರು. ಇದನ್ನು ಕೇವಲ ಚಮತ್ಕಾರವೆಂದು ಭಾವಿಸಬಾರದು. ಅಧ್ಯಾಪಕನೊಬ್ಬನೇ ಇದ್ದಲ್ಲಿ ವಿದ್ಯಾರ್ಥಿಗಳು ಬಹುಬೇಗ ಅವನ ಅಭಿಪ್ರಾಯವನ್ನು ಪತ್ತೆಹಚ್ಚಿ, ಅದನ್ನೇ ಅವನಿಗೆ ಒಪ್ಪಿಸುತ್ತಾರೆ. ಇಬ್ಬರು ಹಿರಿಯರು ಎದುರಿಗೇ ಭಿನ್ನಾಭಿಪ್ರಾಯದಲ್ಲಿ ತೊಡಗಿದ್ದಾಗ ಯಾರನ್ನು ಮೆಚ್ಚಿಸಬೇಕೆಂಬುದು ತಿಳಿಯದೆ, ವಿದ್ಯಾರ್ಥಿ ಅನಿವಾರ್ಯವಾಗಿ ಗ್ರಂಥದ ಕಡೆಗೇ ತಿರುಗಬೇಕಾಗುತ್ತದೆ. ಮೊದಮೊದಲಿನ ವಿದ್ಯಾರ್ಥಿಗಳಲ್ಲೊಬ್ಬರಾದ ಮಾರ್ಟಿಮರ್ ಆಡ್ಲರ್ ಮುಂದೆ ಅಲ್ಲಿಯೇ ಗೋಷ್ಠಿಗಳನ್ನು ನಡೆಸಿ, 1930ರಲ್ಲಿ ಷಿಕಾಗೋ ವಿಶ್ವವಿದ್ಯಾನಿಲಯಕ್ಕೆ ಹೋದರು. ಅಲ್ಲಿನ ತರುಣ ಅಧ್ಯಕ್ಷರಾದ ರಾಬರ್ಟ್ ಹಚಿನ್ಸ್ ಅವರೊಡನೆ ಕೂಡಿ ಈ ಕ್ರಮವನ್ನು ಪ್ರಥಮ ವರ್ಷದ ವಿದ್ಯಾರ್ಥಿಗಳಿಗೂ ವಿಸ್ತರಿಸಿದರು.

ಅದೇ 1930ರಲ್ಲಿ ಎಡ್ವರ್ಡ್ ಹಾರ್ಕ್‌ನೆಸ್ ಎಂಬ ಧನಿಕರು ಫಿಲಿಪ್ಸ್ ಎಕ್ಸೆಟರ್ ಅಕಾಡೆಮಿ ಎಂಬ ಪ್ರೌಢಶಾಲೆಗೆ 58 ಲಕ್ಷ ಡಾಲರುಗಳನ್ನು ದಾನಮಾಡಿದರು. ಸಾಮಾನ್ಯ ಬುದ್ಧಿಯ ಹುಡುಗನೂ ಸಂಕೋಚವಿಲ್ಲದೆ ಬಾಯಿ ಬಿಡುವಂತೆ, ಕೆಲವೇ ಹುಡುಗರು ಅಧ್ಯಾಪಕರೊಡನೆ ಒಂದು ಮೇಜಿನ ಸುತ್ತ ಕುಳಿತು ಕಲಿಯಬೇಕೆಂಬುದು ದಾನಿಯ ಆಶಯ. ಸುಮಾರು ಹನ್ನೆರಡು ಮಂದಿ ಕೂರಬಹುದಾದ ಅಲ್ಲಿನ ಅಂಡಾಕಾರದ ಮೇಜು ಇಂದಿಗೂ ಹಾರ್ಕ್‌ನೆಸ್ ಅವರ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ಹಣವೂ ಮೇಜೂ ಇಲ್ಲದ ಶಾಲೆಗಳಿಗೆ ಇದರಿಂದ ಕಲಿಯಬೇಕಾದುದು ಸ್ವಲ್ಪವೇ. ಆದರೂ ಕುಳಿತುಕೊಳ್ಳುವ ರೀತಿ ಮಾತಿನ ರೀತಿಯನ್ನು ನಿರ್ಧರಿಸುತ್ತದೆಂಬ ಮಾತು ನಿಜ. ಸಾಲುಬೆಂಚುಗಳಲ್ಲಿ ಕುಳಿತವನಿಗೆ ಕಾಣುವುದು ಮುಂದಿನವನ ಬೆನ್ನು ಮತ್ತು ಮೇಷ್ಟರ ಮುಖ.

ಮೌಲ್ಯಮಾಪನದ ದೃಷ್ಟಿಯಿಂದ ಹೆಚ್ಚು ಸ್ವಾರಸ್ಯವಾದುದು ಅನಾಪೊಲಿಸ್ ನಗರದ ಸೇಂಟ್ ಜಾನ್ಸ್ ಕಾಲೇಜಿನ ಪದ್ಧತಿ. 1937ರಲ್ಲಿ ಸ್ಟ್ರಿಂಗ್‌ಫೆಲೋ ಬಾರ್ ಮತ್ತು ಸ್ಕಾಟ್ ಬ್ಯೂಕನನ್ ಎಂಬಿಬ್ಬರು ಆ ಹಳೆಯ ಕಾಲೇಜಿನ ಪಾಠಕ್ರಮವನ್ನೆಲ್ಲ ಮಹಾಗ್ರಂಥಗಳ ಮೇಲೆ ನಿಲ್ಲಿಸಿದರು. ವಾರಕ್ಕೆ ಎರಡು ಸಂಜೆ ಗೋಷ್ಠಿ. ಇಬ್ಬರು ಅಧ್ಯಾಪಕರಲ್ಲಿ ಒಬ್ಬರು ಒಂದು ಪ್ರಶ್ನೆಯನ್ನು ಎತ್ತುವುದರಿಂದ ಆರಂಭ. ಅವಧಿಯ ಕೊನೆಯಲ್ಲಿ ವಿದ್ಯಾರ್ಥಿಯ ಅಧ್ಯಾಪಕರೆಲ್ಲ ಸೇರಿ, ಅವನನ್ನು ಎದುರಿಗೆ ಕೂರಿಸಿಕೊಂಡು, ಅವನು ಅಲ್ಲಿ ಇಲ್ಲವೇನೋ ಎಂಬಂತೆ ಪ್ರಥಮಪುರುಷದಲ್ಲಿ ಅವನ ಕೆಲಸವನ್ನು ಕುರಿತು ಮಾತನಾಡುತ್ತಾರೆ: ಇವನು ಚೆನ್ನಾಗಿ ಓದಿಕೊಂಡು ಬರುತ್ತಾನೆ, ಆದರೆ ಇತರರ ಮಾತು ಮುಗಿಯಗೊಡುವುದಿಲ್ಲ, ಎಂಬ ರೀತಿಯಲ್ಲಿ. ಅನಂತರ ಉತ್ತರ ಹೇಳಲು ಅವನಿಗೂ ಅವಕಾಶವುಂಟು. ದರ್ಜೆಯನ್ನೂ ದಾಖಲೆಮಾಡುತ್ತಾರೆ, ಆದರೆ ಅವನಾಗಿ ಕೇಳಿದ ಹೊರತು ತಿಳಿಸುವುದಿಲ್ಲ. ಈ ಪದ್ಧತಿ ಕ್ರೂರವೆಂದು ಕೆಲವರಿಗೆ ತೋರಬಹುದು. ನಮಗೆ ಇದು ಅಂಕಪಟ್ಟಿಗಿಂತ ಸೌಮ್ಯವಾಗಿಯೇ ಕಾಣುತ್ತದೆ. ಇಪ್ಪತ್ತಕ್ಕೆ ಹನ್ನೊಂದು ಎಂದು ಬರೆದರೆ ವಿದ್ಯಾರ್ಥಿಗೆ ತನ್ನ ಕೊರತೆ ಯಾವುದೆಂದು ತಿಳಿಯುವ ಬಗೆಯೇ ಇಲ್ಲ. ಇಲ್ಲಿ ತಿಳಿಯುತ್ತದೆ, ಅಲ್ಲದೆ ತೀರ್ಪು ಹೊರಬೀಳುವುದು ಗೋಷ್ಠಿಗಳೆಲ್ಲ ಮುಗಿದ ಮೇಲೆ.

ಷಿಕಾಗೋದಲ್ಲಿ ಕೈಗೊಂಡ ಉಪಾಯ ಇದಕ್ಕಿಂತ ತೀವ್ರವಾದುದು. 1931ರ ‘ಹೊಸ ಯೋಜನೆ’ಯ ಪ್ರಕಾರ ವಿದ್ಯಾರ್ಥಿಯ ಉತ್ತೀರ್ಣತೆ ಅವನ ಅಧ್ಯಾಪಕನ ಕೈಯಲ್ಲಿರಲಿಲ್ಲ. ಪ್ರತ್ಯೇಕವಾದ ಪರೀಕ್ಷಾಮಂಡಲಿಯೊಂದು ಸಿದ್ಧಪಡಿಸುತ್ತಿದ್ದ ದೀರ್ಘವಾದ ಸಮಗ್ರ ಪರೀಕ್ಷೆಯೇ ಅದನ್ನು ನಿರ್ಣಯಿಸುತ್ತಿತ್ತು. ಮನಶ್ಶಾಸ್ತ್ರಜ್ಞರಾದ ಎಲ್. ಎಲ್. ಥರ್‌ಸ್ಟನ್ ಮೊದಲ ಮುಖ್ಯ ಪರೀಕ್ಷಕರು. 1938ರಿಂದ ರಾಲ್ಫ್ ಟೈಲರ್, ಅವರ ಅನಂತರ ಬೆಂಜಮಿನ್ ಬ್ಲೂಮ್ ಆ ಕೆಲಸವನ್ನು ನಿರ್ವಹಿಸಿದರು. ತರಗತಿಯ ಹಾಜರಿ ಕಡ್ಡಾಯವಾಗಿರಲಿಲ್ಲ. ಇದರ ಪರಿಣಾಮವನ್ನು ಯೋಚಿಸಬೇಕು. ಅಧ್ಯಾಪಕನು ತೀರ್ಪುಗಾರನಲ್ಲವೆಂದಮೇಲೆ ಅವನೊಡನೆ ವಾದಿಸುವುದರಿಂದ ವಿದ್ಯಾರ್ಥಿಗೆ ನಷ್ಟವಿಲ್ಲ. ಅವನನ್ನು ಹೊಗಳುವುದರಿಂದ ಲಾಭವೂ ಇಲ್ಲ. ಎದುರುಬದುರಾಗಿ ನಿಂತಿದ್ದವರು ಒಂದೇ ಪಕ್ಷಕ್ಕೆ ಸೇರಿದರು. ಹೊರಗಿನ ಪರೀಕ್ಷೆಯೆಂದರೆ ಗಟ್ಟಿಪಾಠವೆಂದೇ ತಿಳಿದಿರುವ ನಮಗೆ ಇದು ವಿಪರೀತವೆಂದು ತೋರುವುದು ಸಹಜ. ಭೇದವಿದ್ದುದು ಪ್ರಶ್ನೆಗಳಲ್ಲಿ. ಅಪರಿಚಿತವಾದ ಭಾಗವೊಂದನ್ನು ಕೊಟ್ಟು ಅದನ್ನು ಅರ್ಥೈಸಿ ವಿಮರ್ಶಿಸಬೇಕೆಂದು ಕೇಳಿದರೆ, ಅಂಗಡಿಯ ಗೈಡು ಯಾವ ಉಪಯೋಗಕ್ಕೂ ಬರುವುದಿಲ್ಲ. ಈ ವ್ಯವಸ್ಥೆ ಶಾಶ್ವತವಾಗಿ ನಿಲ್ಲಲಿಲ್ಲವೆಂಬುದನ್ನೂ ಹೇಳಬೇಕು. ಅದಕ್ಕೆ ತಗಲುವ ಶ್ರಮವೂ ವೆಚ್ಚವೂ ಅಪಾರ. 1950ರ ದಶಕದ ಅನಂತರ ಪರೀಕ್ಷಾಧಿಕಾರ ಕ್ರಮೇಣ ಅಧ್ಯಾಪಕರಿಗೇ ಮರಳಿತು.

ಬ್ಲೂಮ್ ಅವರ ಹೆಸರು ಕೇಳಿದೊಡನೆ ನಮ್ಮ ಶಿಕ್ಷಣ ಕಾಲೇಜುಗಳವರಿಗೆಲ್ಲ ನೆನಪಾಗುವುದು 1956ರಲ್ಲಿ ಪ್ರಕಟವಾದ ಬೋಧನೋದ್ದೇಶಗಳ ವರ್ಗೀಕರಣ. ಅದಕ್ಕೆ ಮೂರು ವರ್ಷ ಮೊದಲು ಅವರು ಪ್ರಕಟಿಸಿದ ಚಿಕ್ಕ ಪ್ರಬಂಧವೊಂದು ಪ್ರಕೃತ ವಿಷಯಕ್ಕೆ ಅದಕ್ಕಿಂತಲೂ ಹತ್ತಿರವಾದುದು. ಉಪನ್ಯಾಸ ಮತ್ತು ಚರ್ಚೆಗಳು ನಡೆಯುತ್ತಿರುವಾಗ ವಿದ್ಯಾರ್ಥಿಯ ಮನಸ್ಸಿನಲ್ಲಿ ನಡೆಯುತ್ತಿರುವುದೇನು ಎಂಬುದು ಅದರ ಪ್ರಶ್ನೆ. ಇದನ್ನು ತಿಳಿಯಲು ಅವರು ಸರಳವಾದ ಉಪಾಯವೊಂದನ್ನು ಹೂಡಿದರು. ತರಗತಿಯ ಮಾತನ್ನೆಲ್ಲ ಧ್ವನಿಮುದ್ರಣ ಮಾಡಿ, ಎರಡು ದಿನಗಳೊಳಗೆ ಒಬ್ಬೊಬ್ಬ ವಿದ್ಯಾರ್ಥಿಯನ್ನೂ ಕರೆದು, ಮುದ್ರಿಕೆಯನ್ನು ಕೇಳಿಸುತ್ತ ನಡುನಡುವೆ ನಿಲ್ಲಿಸಿ, ಈ ಹೊತ್ತಿನಲ್ಲಿ ನೀನು ಏನನ್ನು ಯೋಚಿಸುತ್ತಿದ್ದೆ ಎಂದು ವಿಚಾರಿಸಿದರು. ಚರ್ಚೆಯಲ್ಲಿ, ಉಪನ್ಯಾಸದಲ್ಲಿ ಕಾಣದಷ್ಟು ಸಮಸ್ಯಾಪರಿಹಾರದ ಚಿಂತನೆ ಕಂಡುಬಂದಿತು. ಜತೆಗೇ ತನ್ನನ್ನು ಕುರಿತೂ ಇತರರನ್ನು ಕುರಿತೂ ಹುಟ್ಟುವ ಯೋಚನೆಗಳೂ ಅಲ್ಲಿ ಹೆಚ್ಚು: ನಾನು ಹೀಗೆಂದರೆ ನಗುವರೇನೋ, ಅವನು ಯಾವಾಗ ನಿಲ್ಲಿಸುತ್ತಾನೋ, ಎಂಬಂಥವು.

ಈ ಪ್ರಬಂಧದ ಮಹತ್ವವನ್ನು ನಾವು ಹೀಗೆ ಗ್ರಹಿಸುತ್ತೇವೆ. ಗೋಷ್ಠಿಯ ಫಲ ಬಾಯಿಯಲ್ಲಿಲ್ಲ, ತಲೆಯಲ್ಲಿದೆ. ಒಂದು ಗಂಟೆಯೂ ತುಟಿ ಎರಡುಮಾಡದ ವಿದ್ಯಾರ್ಥಿನಿ ಇತರರ ಮಾತುಗಳನ್ನೆಲ್ಲ ತೂಗಿ ನೋಡುತ್ತಿರಬಹುದು. ಹತ್ತು ಬಾರಿ ಎದ್ದುನಿಂತವನು ತನ್ನ ಧ್ವನಿಯನ್ನೇ ಕೇಳಿ ಸುಖಿಸುತ್ತಿರಬಹುದು. ಯಾರು ಎಷ್ಟು ಸಲ ಮಾತನಾಡಿದರೆಂದು ಗೀಟು ಹಾಕಿ ಎಣಿಸುವ ಪದ್ಧತಿ, ಇಂದಿಗೂ ಬಹು ಜನಪ್ರಿಯವಾದುದು, ಇವರಿಬ್ಬರ ಭೇದವನ್ನು ತಲೆಕೆಳಗು ಮಾಡುತ್ತದೆ. ಅಲ್ಲದೆ, ಅಂಕವೆಂಬುದು ಒಳಗೆ ಬಂದಷ್ಟೂ ‘ನಾನು ಹೇಗೆ ಕಾಣುತ್ತಿದ್ದೇನೆ’ ಎಂಬ ಜಾತಿಯ ಯೋಚನೆಗಳು ಬೆಳೆಯುವುವೆಂದು ಊಹಿಸಲು ದೊಡ್ಡ ಮನಶ್ಶಾಸ್ತ್ರವೇನೂ ಬೇಕಾಗಿಲ್ಲ.

ಕೇಂಬ್ರಿಜ್‌ನಲ್ಲಿ ಐ. ಎ. ರಿಚರ್ಡ್ಸ್ ನಡೆಸಿದ ಪ್ರಯೋಗವನ್ನು ಇಲ್ಲಿ ಸ್ಮರಿಸುವುದು ಉಚಿತ. ಕವಿಯ ಹೆಸರನ್ನು ಮರೆಮಾಡಿದ ಪದ್ಯಗಳನ್ನು ಹಂಚಿ, ವಾರದ ಕೊನೆಗೆ ವಿದ್ಯಾರ್ಥಿಗಳಿಂದ ಅಭಿಪ್ರಾಯಗಳನ್ನು ಬರೆಸಿಕೊಂಡು, ಮುಂದಿನ ಉಪನ್ಯಾಸದಲ್ಲಿ ಆ ಬರೆಹಗಳನ್ನೇ ವಿಚಾರಣೆಗೆ ತೆಗೆದುಕೊಳ್ಳುತ್ತಿದ್ದರು. ಇದರ ಫಲವೇ 1929ರ ಅವರ ‘ಪ್ರಾಕ್ಟಿಕಲ್ ಕ್ರಿಟಿಸಿಸಂ’. ಪದ್ಯದ ಸರಳವಾದ ವಾಚ್ಯಾರ್ಥವನ್ನೇ ತಪ್ಪಿದವರು ಎಷ್ಟೋ ಮಂದಿ ಇದ್ದರೆಂಬುದು ಆ ಗ್ರಂಥವನ್ನು ಓದಿದವರಿಗೆಲ್ಲ ಗೊತ್ತು. ಆದರೆ ಬರೆದವರ ಹೆಸರೂ ಗುಪ್ತವಾಗಿತ್ತೆಂಬುದನ್ನು ಹೇಳುವವರು ಕಡಿಮೆ. ಹೆಸರು ಗುಪ್ತವಾಗಿದ್ದುದರಿಂದಲೇ ಆ ತಪ್ಪುಗಳು ಅಷ್ಟು ನಿರ್ಭಯವಾಗಿ ಬೆಳಕಿಗೆ ಬಂದುವು.

ಇಷ್ಟೂ ಕಾಲೇಜುಗಳ ಕಥೆಯಾಯಿತು. ಸಾರ್ವಜನಿಕ ಓದುಗರಿಗಾಗಿ 1947ರಲ್ಲಿ ಸ್ಥಾಪಿತವಾದ ಗ್ರೇಟ್ ಬುಕ್ಸ್ ಪ್ರತಿಷ್ಠಾನ 1960ರ ದಶಕದಲ್ಲಿ ಬಾಲಕರ ಶಾಖೆಯನ್ನೂ ತೆರೆದು, ಗ್ರಂಥವನ್ನು ಓದದವನು ಚರ್ಚೆಯಲ್ಲಿ ಸೇರಬಾರದು, ನಾಯಕನು ಪ್ರಶ್ನೆಗಳನ್ನಲ್ಲದೆ ಬೇರೇನನ್ನೂ ಹೇಳಬಾರದು ಎಂಬ ನಿಯಮಗಳನ್ನು ಶಾಲೆಗಳವರೆಗೂ ಒಯ್ದಿತು. ನಾಯಕನು ತಾನೇ ನಿಜವಾಗಿ ಉತ್ತರ ತಿಳಿಯದ ಪ್ರಶ್ನೆಯನ್ನು ಕೇಳಬೇಕೆಂಬುದು ಇವುಗಳ ಜೀವಾಳ. ಓದುಗನು ಕೃತಿಯೊಡನೆ ನಡೆಸುವ ವ್ಯವಹಾರದಲ್ಲಿಯೇ ಅರ್ಥ ಹುಟ್ಟುತ್ತದೆಂಬ ಲೂಯಿಸ್ ರೋಸೆನ್‌ಬ್ಲಾಟ್ ಅವರ ವಿಚಾರವೂ (ಅವರ ಮೊದಲ ಗ್ರಂಥ 1938ರದು) ಬಹಳ ತಡವಾಗಿ ಶಾಲೆಗಳನ್ನು ತಲಪಿತು.

ಪ್ರಾಥಮಿಕ ತರಗತಿಗಳಲ್ಲಿ ಗೋಷ್ಠಿ ಬೇರೂರಿದುದು 1980ರ ದಶಕದಲ್ಲಿ. ಅರಿಜೋನಾದ ಫೀನಿಕ್ಸ್ ನಗರದಲ್ಲಿ ಐದನೆಯ ತರಗತಿಯ ಉಪಾಧ್ಯಾಯಿನಿಯಾಗಿದ್ದ ಕ್ಯಾರೆನ್ ಸ್ಮಿತ್ ಅವರಿಗೆ 1982ರಲ್ಲಿ ಸಹೋದ್ಯೋಗಿಯೊಬ್ಬರಿಂದ ಹಳೆಯ ಪುಸ್ತಕಗಳ ಪೆಟ್ಟಿಗೆಯೊಂದು ಬಂದಿತು. ಒಂದೊಂದು ಪುಸ್ತಕದ ಕೆಲವು ಪ್ರತಿಗಳು ಮಾತ್ರ ಇದ್ದುವು. ಮಕ್ಕಳು ತಾವಾಗಿಯೇ ಅವನ್ನು ಆರಿಸಿಕೊಂಡು, ಗುಂಪುಗುಂಪಾಗಿ ಓದಿ ಮಾತನಾಡತೊಡಗಿದರು. ಆ ಮಾತಿನ ಗುಣವನ್ನು ಕೇಳಿ ಉಪಾಧ್ಯಾಯಿನಿಗೇ ಆಶ್ಚರ್ಯವಾಯಿತೆಂದು ಪ್ರತೀತಿ. ಕ್ಯಾಥಿ ಷಾರ್ಟ್ ಮೊದಲಾದವರ ಬರೆಹಗಳಿಂದ ಇದಕ್ಕೆ ‘ಸಾಹಿತ್ಯವರ್ತುಲ’ವೆಂಬ ಹೆಸರು ನಿಂತಿತು. ಮೇರಿಯಾನ್ ಈಡ್ಸ್ ಮತ್ತು ಡೆಬೊರಾ ವೆಲ್ಸ್ 1989ರ ತಮ್ಮ ಅಧ್ಯಯನದಲ್ಲಿ ನಿಜವಾದ ಸಂಭಾಷಣೆಗೂ ಸೌಮ್ಯವಾದ ವಿಚಾರಣೆಗೂ ಇರುವ ಭೇದವನ್ನು ಗುರುತಿಸಿದರು. ಎರಡನೆಯದರಲ್ಲಿ ಉಪಾಧ್ಯಾಯರು ನಗುನಗುತ್ತ ಪ್ರಶ್ನೆ ಕೇಳಿದರೂ ಅದು ಪರೀಕ್ಷೆಯೇ.

ಈ ಕ್ರಮವನ್ನು ದೇಶವ್ಯಾಪಿಯಾಗಿ ಹರಡಿದುದು ಷಿಕಾಗೋದ ಹಾರ್ವಿ ಡೇನಿಯಲ್ಸ್ ಅವರ 1994ರ ಗ್ರಂಥ. ಗುಂಪಿನ ಒಬ್ಬೊಬ್ಬನಿಗೂ ಒಂದೊಂದು ಕೆಲಸವನ್ನು ಅವರು ಹಂಚಿದರು. ಒಬ್ಬನು ಪ್ರಶ್ನೆಗಳನ್ನು ತರುವವನು. ಒಬ್ಬನು ಗಟ್ಟಿಯಾಗಿ ಓದಬೇಕಾದ ಭಾಗಗಳನ್ನು ಆರಿಸುವವನು. ಒಬ್ಬನು ಕಥೆಯನ್ನು ಹೊರಗಿನ ಬದುಕಿಗೆ ಸಂಬಂಧಿಸುವವನು. ಮತ್ತೊಬ್ಬನು ಚಿತ್ರ ಬರೆಯುವವನು. ಪ್ರತಿಯೊಬ್ಬನಿಗೂ ಅವನ ಕೆಲಸವನ್ನು ವಿವರಿಸುವ ಒಂದು ಹಾಳೆ. ಈಜು ಕಲಿಯುವವನಿಗೆ ಸೋರೆಬುರುಡೆ ಕಟ್ಟುವಂತೆ ಇದು ಮೊದಲ ಕೆಲವು ವಾರಗಳಿಗೆ ಮಾತ್ರ ಎಂದು ಅವರ ಅಭಿಪ್ರಾಯವಾಗಿತ್ತು. ಉಪಾಧ್ಯಾಯರ ಅವಲೋಕನ, ವಿದ್ಯಾರ್ಥಿಯ ಸ್ವವಿಮರ್ಶೆ, ಇವೆರಡೇ ಮೌಲ್ಯಮಾಪನದ ದಾರಿಗಳೆಂದೂ ಅವರು ಸೂಚಿಸಿದ್ದರು. ಆದರೆ ಹಾಳೆಯೊಂದು ಕೈಗೆ ಸಿಕ್ಕಿದರೆ ಅದನ್ನು ತಿದ್ದಿ ಅಂಕ ಹಾಕುವ ಆಸೆಯನ್ನು ಯಾವ ಶಾಲೆಯೂ ತಡೆಯಲಾರದು. ಎಷ್ಟೋ ತರಗತಿಗಳಲ್ಲಿ ಮಕ್ಕಳು ಸರದಿಯ ಮೇಲೆ ತಮ್ಮ ಹಾಳೆಯನ್ನು ಓದಿ ಒಪ್ಪಿಸುವುದೇ ಗೋಷ್ಠಿಯಾಯಿತು. ಒಬ್ಬನು ಓದಿದುದಕ್ಕೆ ಮತ್ತೊಬ್ಬನು ಉತ್ತರಿಸುವ ಗೋಜೇ ಇಲ್ಲ. ಎಲ್ಲರ ಹಾಳೆಯೂ ತುಂಬಿದೆ, ಎಲ್ಲರಿಗೂ ಅಂಕ ಬಂದಿದೆ. 2002ರ ಪರಿಷ್ಕೃತ ಆವೃತ್ತಿಯಲ್ಲಿ ಡೇನಿಯಲ್ಸ್ ಅವರೇ ಈ ಹಾಳೆಗಳಿಂದಾದ ಯಾಂತ್ರಿಕತೆಯನ್ನು ಒಪ್ಪಿಕೊಂಡು, ಓದುವಾಗ ಮನಸ್ಸಿಗೆ ಬಂದುದನ್ನು ಬರೆದಿಡುವ ಸ್ವತಂತ್ರ ಟಿಪ್ಪಣಿಗಳ ಕಡೆಗೆ ಒಲಿದರು. ತಾನೇ ಹೂಡಿದ ಸಾಧನ ಕೆಟ್ಟುದನ್ನು ಅದನ್ನು ಹೂಡಿದವರೇ ಹೇಳುವುದು ಶಿಕ್ಷಣದ ಸಾಹಿತ್ಯದಲ್ಲಿ ಅಪರೂಪ.

ಗೋಷ್ಠಿಯ ಪ್ರಚಾರವನ್ನು ಕಂಡು ತರಗತಿಗಳೆಲ್ಲ ಬದಲಾದುವೆಂದು ತಿಳಿಯಬಾರದು. ಮಾರ್ಟಿನ್ ನಿಸ್ಟ್ರಾಂಡ್ ಮತ್ತು ಅವರ ಸಂಗಡಿಗರು ಅಮೆರಿಕದ ಮಧ್ಯಪಶ್ಚಿಮ ಭಾಗದ ಎಂಟನೆಯ ಮತ್ತು ಒಂಬತ್ತನೆಯ ತರಗತಿಗಳನ್ನು ಪರಿಶೀಲಿಸಿ 1997ರಲ್ಲಿ ಪ್ರಕಟಿಸಿದ ಫಲಿತಾಂಶದ ಪ್ರಕಾರ, ಮುಕ್ತವಾದ ಚರ್ಚೆ ಒಂದು ಅವಧಿಯಲ್ಲಿ ಸರಾಸರಿ ಎಂಟನೆಯ ತರಗತಿಯಲ್ಲಿ 50 ಸೆಕೆಂಡು, ಒಂಬತ್ತನೆಯದರಲ್ಲಿ 15 ಸೆಕೆಂಡಿಗೂ ಕಡಿಮೆ ನಡೆಯುತ್ತಿತ್ತು. ಪಿ. ಕ್ಯಾರೆನ್ ಮರ್ಫಿ ಮತ್ತು ಇತರರು 2009ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಕಂಡುದು ಮತ್ತೊಂದು. ಗೋಷ್ಠಿಯ ಬಹುತೇಕ ಕ್ರಮಗಳು ವಿದ್ಯಾರ್ಥಿಗಳ ಮಾತನ್ನು ಹೆಚ್ಚಿಸಿ ಅಧ್ಯಾಪಕರ ಮಾತನ್ನು ತಗ್ಗಿಸುತ್ತವೆ. ಆದರೆ ಮಾತು ಹೆಚ್ಚಿದ ಮಾತ್ರಕ್ಕೆ ಗ್ರಹಿಕೆ ಹೆಚ್ಚಿತೆಂದು ಹೇಳಲಾಗದು. ವಿಮರ್ಶಾಶಕ್ತಿಯನ್ನು ಬೆಳೆಸುವ ಕ್ರಮಗಳು ಇನ್ನೂ ಕಡಿಮೆ. ಬ್ಲೂಮ್ ಅವರ ಮುದ್ರಿಕೆಗಳು 1953ರಲ್ಲಿ ಸೂಚಿಸಿದುದನ್ನೇ ಇದು ಬೇರೊಂದು ದಾರಿಯಿಂದ ಸಮರ್ಥಿಸಿತು.

ಇನ್ನು ನಮ್ಮ ದೇಶದ ಸಂಗತಿ. ರಾಧಾಕೃಷ್ಣನ್ ಅವರ ಅಧ್ಯಕ್ಷತೆಯ ವಿಶ್ವವಿದ್ಯಾನಿಲಯ ಶಿಕ್ಷಣ ಆಯೋಗ (1948-49) ಪರೀಕ್ಷೆಯ ಸುಧಾರಣೆಯನ್ನು ಎಲ್ಲ ಸುಧಾರಣೆಗಳಿಗಿಂತ ಮುಂದಿಟ್ಟುದಲ್ಲದೆ, ಚಿಕ್ಕ ಗುಂಪುಗಳ ಬೋಧನೆಯನ್ನೂ ಎತ್ತಿಹಿಡಿಯಿತು. ಮೊದಲಿಯಾರ್ ಆಯೋಗ (1952-53) ಪ್ರೌಢಶಾಲೆಗಳಲ್ಲಿ ಆಂತರಿಕ ಮೌಲ್ಯಮಾಪನಕ್ಕೆ ಸ್ಥಾನ ಕೊಡಬೇಕೆಂದಿತು. ಇದೇ ಹಿನ್ನೆಲೆಯಲ್ಲಿ ಬ್ಲೂಮ್ ಅವರು 1957ರಲ್ಲಿ ಭಾರತಕ್ಕೆ ಬಂದು ಉಪಾಧ್ಯಾಯರೊಡನೆ ಕಾರ್ಯಶಿಬಿರಗಳನ್ನು ನಡೆಸಿದರು. 1958ರಲ್ಲಿ ಕೇಂದ್ರ ಪರೀಕ್ಷಾ ಘಟಕ ಸ್ಥಾಪಿತವಾಯಿತು. ನಮ್ಮಲ್ಲಿ ಉಳಿದುದು ಉದ್ದೇಶಗಳ ವರ್ಗೀಕರಣ ಮತ್ತು ಪ್ರಶ್ನಪತ್ರಿಕೆಯ ನೀಲನಕ್ಷೆ. ಧ್ವನಿಮುದ್ರಿಕೆಯ ಪ್ರಬಂಧವನ್ನು ನಮ್ಮ ಶಿಕ್ಷಣ ಗ್ರಂಥಗಳು ಹೆಚ್ಚಾಗಿ ಹೆಸರಿಸುವುದಿಲ್ಲ. ಆಂತರಿಕ ಅಂಕಗಳು ಕಾಲೇಜುಗಳಿಗೆ ಬಂದ ಮೇಲೆ ಸೆಮಿನಾರು, ಚರ್ಚೆ ಎಲ್ಲವೂ ಅಂಕದ ಕಲಮುಗಳಾಗಿವೆ. ವಿದ್ಯಾರ್ಥಿಗಳು ಒಬ್ಬರಾದಮೇಲೊಬ್ಬರು ಎದ್ದು ಬರೆದು ತಂದುದನ್ನು ಓದುತ್ತಾರೆ. ಉಳಿದವರು ತಮ್ಮ ಸರದಿಗೆ ಕಾಯುತ್ತಾರೆ. ಡೇನಿಯಲ್ಸ್ ಅವರ ಹಾಳೆಗಳಿಗೆ ಆದ ಗತಿಯೇ ಇದು.

ಆಂತರಿಕ ಅಂಕವನ್ನು ತೆಗೆದುಹಾಕುವ ಅಧಿಕಾರ ಒಬ್ಬ ಅಧ್ಯಾಪಕನಿಗಿಲ್ಲ. ಅವನ ಕೈಯಲ್ಲಿರುವುದು ಅದನ್ನು ಎಲ್ಲಿ ಇಡಬೇಕೆಂಬ ನಿರ್ಣಯ ಮಾತ್ರ. ಮೇಲಿನ ನಿದರ್ಶನಗಳನ್ನು ನೋಡಿದರೆ, ಮಾತಿಗೆ ಅಂಕ ಕೊಡದೆ ಮಾತಿನ ಹಿಂದುಮುಂದಿನ ಬರೆಹಕ್ಕೆ ಕೊಡುವುದು ನಮ್ಮ ಸ್ಥಿತಿಗೆ ಹೊಂದುವ ಕ್ರಮವೆಂದು ನಮಗೆ ತೋರುತ್ತದೆ. ಗೋಷ್ಠಿಗೆ ಮೊದಲು ಒಂದು ಪ್ರಶ್ನೆಗೆ ವಿದ್ಯಾರ್ಥಿ ಅರ್ಧ ಪುಟ ಉತ್ತರ ಬರೆಯಲಿ. ಗೋಷ್ಠಿ ಮುಗಿದ ಎರಡು ದಿನಗಳೊಳಗೆ ಅದೇ ಪ್ರಶ್ನೆಗೆ ಮತ್ತೆ ಬರೆಯಲಿ, ಯಾರ ಯಾವ ಮಾತಿನಿಂದ, ಗ್ರಂಥದ ಯಾವ ವಾಕ್ಯದಿಂದ ತನ್ನ ಅಭಿಪ್ರಾಯ ಬದಲಾಯಿತು ಅಥವಾ ಗಟ್ಟಿಯಾಯಿತೆಂಬುದನ್ನು ಸೇರಿಸಲಿ. ಹೆಸರಿನ ಬದಲು ಸಂಖ್ಯೆ ಹಾಕಿದ ಈ ಎರಡು ಬರೆಹಗಳನ್ನೂ ವಿಭಾಗದ ಮತ್ತೊಬ್ಬ ಅಧ್ಯಾಪಕರು ನೋಡಿ ಅಂಕ ಹಾಕಲಿ. ಅವರ ತರಗತಿಯ ಬರೆಹಗಳು ಇವರ ಕಡೆಗೆ ಬರಲಿ. ಮೌನವಾಗಿ ಕೇಳಿದವಳಿಗೂ ಇದರಲ್ಲಿ ಸ್ಥಾನವುಂಟು, ಗೈಡಿನ ಉತ್ತರಕ್ಕೆ ಇಲ್ಲ. ಎಂಬತ್ತು ಮಂದಿಯ ತರಗತಿಯಲ್ಲಿ ಇದು ಸಾಧ್ಯವೆ ಎಂಬ ಆಕ್ಷೇಪ ಬರುವುದು ಖಂಡಿತ. ಎಂಬತ್ತು ಮಂದಿಯೂ ಒಂದೇ ದಿನ ಮಾತನಾಡಬೇಕಾಗಿಲ್ಲ. ಹನ್ನೆರಡು ಮಂದಿ ನಡುವೆ ಬೆಂಚುಗಳನ್ನು ಎದುರುಬದುರಾಗಿಟ್ಟು ಕುಳಿತರೆ, ಉಳಿದವರು ಸುತ್ತ ಕುಳಿತು ಕೇಳಿ ಬರೆಯಬಹುದು. ವಾರಕ್ಕೊಂದು ಗೋಷ್ಠಿಯಂತೆ ಏಳು ವಾರಗಳಲ್ಲಿ ಎಲ್ಲರ ಸರದಿಯೂ ಬರುತ್ತದೆ. ಬರೆಹಗಳನ್ನು ಓದುವ ಹೊರೆ ಮಾತ್ರ ನಿಜವಾದುದು. ಪ್ರತಿ ವಾರ ಎಂಬತ್ತು ವಿದ್ಯಾರ್ಥಿಗಳ ಎರಡೆರಡು ಬರೆಹಗಳನ್ನೂ ನೋಡುವುದು ಯಾರಿಂದಲೂ ಆಗದ ಕೆಲಸ. ಆಯಾ ವಾರ ಒಳವರ್ತುಲದಲ್ಲಿದ್ದ ಹನ್ನೆರಡು ಮಂದಿಯ ಮತ್ತು ಹೊರಗಿನಿಂದ ಚೀಟಿ ಎತ್ತಿ ಆರಿಸಿದ ಹನ್ನೆರಡು ಮಂದಿಯ ಬರೆಹಗಳನ್ನು ಮಾತ್ರ ತೆಗೆದುಕೊಂಡರೆ, ಅರ್ಧ ಪುಟದ 48 ಬರೆಹಗಳಾಗುತ್ತವೆ.